ನಿನ್ನೆಯ ಗೆರೆ

ನಂದಿನಿ ಲೇಔಟಿನ ನಮ್ಮ ಬೀದಿಯಲ್ಲಿ ಬೆಳಗಿನ ಆರಕ್ಕೆ ಎದುರುಮನೆ ಅಜ್ಜಿ ಬಾಗಿಲಿಗೆ ನೀರು ಹಾಕುತ್ತಾರೆ. ನೀರು ಬಿದ್ದೊಡನೆ ನಿನ್ನೆಯ ರಂಗೋಲಿ ಮಾಯ. ನೆಲ ಆರುತ್ತಿದ್ದಂತೆ ಅದೇ ಗೆರೆಗಳು ತೆಳ್ಳಗೆ ಮತ್ತೆ ಮೂಡುತ್ತವೆ. ಅಜ್ಜಿ ಗೊಣಗುತ್ತಾ ಇನ್ನೊಮ್ಮೆ ಪೊರಕೆ ಆಡಿಸುತ್ತಾರೆ.

ಪೀಣ್ಯದ ಲ್ಯಾಬಿನಲ್ಲಿ ನನ್ನ ಬೆಳಗೂ ಹೀಗೇ. ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ, ನಮ್ಮ ಬಾಯಲ್ಲಿ ಜಿಸಿಗೆ, ದಿನದ ಮೊದಲ ಓಟ ಖಾಲಿ ಓಟ. ಸ್ಯಾಂಪಲ್ ಇಲ್ಲ, ಬರೀ ಸಾಲ್ವೆಂಟ್. ಅದರ ಪೀಕ್ ಎದ್ದು ಇಳಿದ ಮೇಲೆ ಗೆರೆ ಸುಮ್ಮನೆ ಮಲಗಿರಬೇಕು. ಇವತ್ತು ಮಲಗಲಿಲ್ಲ. ನಿನ್ನೆ ಶ್ರೀಗಂಧದ ಎಣ್ಣೆ ಹಾಕಿದ್ದೆವು. ಅದರ ಮುಖ್ಯ ಅಂಶವಾದ ಸ್ಯಾಂಟಲಾಲ್ ಬರುವ ಹೊತ್ತಿಗೆ ಸರಿಯಾಗಿ ಪುಟ್ಟ ಗುಡ್ಡವೊಂದು ಎದ್ದಿತು. ಘೋಸ್ಟ್ ಪೀಕ್ ಅನ್ನುತ್ತಾರೆ. ದೆವ್ವವೇನಲ್ಲ, ಸರಿಯಾಗಿ ತೊಳೆಯದ ಪಾತ್ರೆ.

ಮೆಟ್ರೊ ನಿಲ್ದಾಣಕ್ಕೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದು ಹೆಸರಿರುವ ಕಡೆಯವರು ನಾವು, ಗಂಧದ ಲೆಕ್ಕದಲ್ಲಿ ಉದಾಸೀನ ಸಲ್ಲದು. ಐಎಸ್‌ಒ 3518 ಮಾನಕದ ಪ್ರಕಾರ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಇರಬೇಕು. ನಿನ್ನೆಯ ಒಳ್ಳೆ ಎಣ್ಣೆಯ ಪಸೆ ಇವತ್ತಿನ ಕಲಬೆರಕೆಯ ಪರ ಸಾಕ್ಷಿ ಹೇಳಿಬಿಟ್ಟರೆ?

ಪಸೆ ತೆಗೆಯಲು ಯಂತ್ರ ಬಿಚ್ಚಬೇಕು, ಅದು ತಣ್ಣಗಾಗುವವರೆಗೆ ಕಾಯಬೇಕು. ಈ ಕಾಯುವಿಕೆ ನನಗೆ ಇಷ್ಟ. ಯಾರೂ ಅವಸರ ಮಾಡುವಂತಿಲ್ಲ. ಆಮೇಲೆ ಸೆಪ್ಟಂ. ಅಂಗಿಯ ಗುಂಡಿಯಷ್ಟು ರಬ್ಬರು, ನೂರರ ಸುಮಾರು ಸೂಜಿ ಚುಚ್ಚಿಸಿಕೊಂಡು ಪುಡಿಯಾಗಿ ಕೆಳಗಿನ ಗಾಜಿನ ಲೈನರಿಗೆ ಉದುರಿದೆ. ಎರಡನ್ನೂ ಬದಲಾಯಿಸಿದೆ.

ಉಳಿದದ್ದು ಕಾಲಮ್. ಐದು ಸೀರೆಯುದ್ದದ, 30 ಮೀಟರಿನ ಗಾಜಿನ ಎಳೆ. ಒಳಗಿನ ತೂತು ಕಾಲು ಮಿಲಿಮೀಟರ್. ಕೊಳೆ ಕೂರುವುದು ಅದರ ಬಾಯಲ್ಲಿ, ತಿಕ್ಕಿದರೆ ಹೋಗುವಂಥದ್ದಲ್ಲ. ಅರ್ಧ ಗೇಣು ಕತ್ತರಿಸಿ ಎಸೆಯಬೇಕು. ತುದಿ ನೆಟ್ಟಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದೆ, ಸೊಟ್ಟಗಿತ್ತು, ಮತ್ತೆ ಕತ್ತರಿಸಿದೆ. ಹೀಗೆ ಕತ್ತರಿಸುತ್ತಾ ಕತ್ತರಿಸುತ್ತಾ ನಮ್ಮದು ಈಗ 28 ಮೀಟರಿನ ಆಸುಪಾಸು. ಸ್ಯಾಂಟಲಾಲ್ ಮೊದಲಿಗಿಂತ ತುಸು ಬೇಗ ಬರುತ್ತದೆ.

ಮೊದಲು ಗ್ಯಾಸ್ ಹರಿಸಿ ಒಳಗಿನ ಗಾಳಿಯನ್ನೆಲ್ಲ ಹೊರದಬ್ಬಿದ ಮೇಲೇ ಓವನ್ ಬಿಸಿ. ಬಿಸಿಯಲ್ಲಿ ಆಮ್ಲಜನಕ ಸೋಕಿದರೆ ಒಳಲೇಪ ಕೆಟ್ಟಿತು. ಡಿಟೆಕ್ಟರಿನ ಹೈಡ್ರೋಜನ್ ಉರಿ ಕಣ್ಣಿಗೆ ಕಾಣದು. ತಣ್ಣನೆಯ ಸ್ಪ್ಯಾನರನ್ನು ಅದರ ಬಾಯ ಮೇಲೆ ಹಿಡಿದೆ. ಮಂಜು ಕಟ್ಟಿತು, ಉರಿ ಹೊತ್ತಿದೆ.

ಗಂಟೆ ಹನ್ನೊಂದು. ಇನ್ನೂ ಒಂದು ಸ್ಯಾಂಪಲ್ಲೂ ಹಾಕಿಲ್ಲ. ಮತ್ತೆ ಖಾಲಿ ಓಟ. ಸ್ಯಾಂಟಲಾಲಿನ ಹೊತ್ತು ಬಂತು, ದಾಟಿತು. ಗೆರೆ ಏಳಲಿಲ್ಲ.