ಪಕ್ಕದ ಪಣ

ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ಕಾವ್ಯ ರಚಿಸಿದ ಪಂಪನೂ ಆ ವ್ಯಸನದಿಂದ ರಾಜ್ಯವೇ ಕೈಬಿಟ್ಟ ಕಥೆಯನ್ನು ಹೇಳಿದ್ದಾನೆ. ಆದರೆ ಗೋವೆಯ ಮಾಂಡವಿ ನದಿಯ ಹಡಗುಗಳಲ್ಲಿ ನಡೆಯುವ ಜೂಜಿನಲ್ಲಿ ಶಕುನಿಯ ದಾಳವಿಲ್ಲ. ಗೆದ್ದವನಿಗೆ ಎಷ್ಟೆಂಬುದನ್ನು ಮೊದಲೇ ಸಾರಲಾಗಿರುತ್ತದೆ. ಮೋಸವಿಲ್ಲದ ಮೇಲೆ ದೋಷವೆಲ್ಲಿ?

ಲೆಕ್ಕವನ್ನೇ ನೋಡೋಣ. ಬ್ಲ್ಯಾಕ್‌ಜಾಕ್ ಆಟದಲ್ಲಿ ಮುಖ್ಯ ಪಣದೊಡನೆ ‘ಜೋಡಿ’ ಎಂಬ ಪಕ್ಕದ ಪಣವುಂಟು. ಮೊದಲ ಎರಡು ಎಲೆಗಳು ರಾಜನಿಗೆ ರಾಜ, ಏಳಕ್ಕೆ ಏಳು ಎಂಬಂತೆ ಕೂಡಿದರೆ ರೂಪಾಯಿಗೆ 11 ರೂಪಾಯಿ ಲಾಭವೆಂಬುದು ಒಂದು ರೂಢಿ. ಆರು ಕಟ್ಟುಗಳಲ್ಲಿ 312 ಎಲೆಗಳು. ಒಂದು ಬಂದ ಮೇಲೆ ಉಳಿದ 311ರಲ್ಲಿ ಅದಕ್ಕೆ ಜೋಡಿಯಾಗುವವು 23 ಮಾತ್ರ. 311 ಸಲ ರೂಪಾಯಿಯಂತೆ ಹೂಡಿದರೆ ಸರಾಸರಿಯಾಗಿ ಬರುವುದು 253, ಹೋಗುವುದು 288. ನಷ್ಟ 35, ಅಂದರೆ ನೂರಕ್ಕೆ ಹನ್ನೊಂದಕ್ಕೂ ಮಿಗಿಲು. ಜಾಣತನದಿಂದ ಆಡಿದ ಮುಖ್ಯ ಪಣದಲ್ಲಾದರೋ ಅದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ.

ಮುಂಡರಗಿ, ಶಿರಹಟ್ಟಿಗಳ ರೈತನು ಗದಗಿನ ಪೇಟೆಯಲ್ಲಿ ಶೇಂಗಾ ಮಾರಿದಾಗ ಅವನಿಗೆ ಹಣ ಬೇಕಿತ್ತು, ವರ್ತಕನಿಗೆ ಮಾಲು ಬೇಕಿತ್ತು. ಇಬ್ಬರೂ ಬೇಕಾದುದನ್ನು ಪಡೆದರು. ಪಣದಲ್ಲಿ ಮಾಲೇ ಇಲ್ಲ. ಒಬ್ಬನ ಕೈ ತುಂಬಲು ಇನ್ನೊಬ್ಬನ ಕೈ ಬರಿದಾಗಲೇಬೇಕು. ನಿಯಮ ಬಹಿರಂಗವಾಗಿದ್ದರೆ ಅಸತ್ಯದ ದೋಷ ತಪ್ಪೀತು. ಅನ್ಯರ ನಷ್ಟವನ್ನು ಬಯಸುವ ಭಾವದ ದೋಷ ತಪ್ಪದು. ಕರ್ಮಬಂಧಕ್ಕೆ ಭಾವವೇ ಕಾರಣವಲ್ಲವೇ? ಪರಿಗ್ರಹ ಪರಿಮಾಣ ವ್ರತವು ದೊಡ್ಡ ಪಣಕ್ಕೆ ಅಂಜಿ ಎಚ್ಚರಗೊಳ್ಳುತ್ತದೆ. ‘ಒಂದೇ ರೂಪಾಯಿ’ ಎಂಬ ಸಣ್ಣ ಪಣದ ಮುಂದೆ ಸಡಿಲಗೊಳ್ಳುತ್ತದೆ. ಶ್ರಾವಕನು ಕಾಯಬೇಕಾದ ಬಾಗಿಲು ಅದೇ.