ನೋವು ತಗ್ಗಿಸುವುದು ಸೋಲೇ?

ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ, ವೈದ್ಯರು ಕೈಚೆಲ್ಲಿದ ಮೇಲೆ ಕೊಡುವಂಥದ್ದು ಎಂದು ನಮ್ಮಲ್ಲಿ ಹಲವರ ನಂಬಿಕೆ. ಅದಕ್ಕೇ ಮನೆಯವರು ಆ ಮಾತೆತ್ತಲೂ ಹೆದರುತ್ತಾರೆ. ರೋಗಿಯ ಆಸೆಯನ್ನೇ ಕಸಿದಂತಾದೀತು ಎಂಬ ಭಯ.

ಅಮೆರಿಕದ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ದೇಹದ ಬೇರೆಡೆಗೂ ಹಬ್ಬಿದ್ದ 151 ಮಂದಿ ಅದರಲ್ಲಿದ್ದರು. ಸುಮಾರು ಅರ್ಧದಷ್ಟು ಜನರಿಗೆ ರೂಢಿಯ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೇ, ರೋಗ ಪತ್ತೆಯಾದ ಕೆಲವು ವಾರಗಳಲ್ಲೇ, ಉಪಶಮನ ಆರೈಕೆ. ಈ ಎರಡನೆಯ ಗುಂಪಿನಲ್ಲಿ ಖಿನ್ನತೆ ಕಡಿಮೆಯಿತ್ತು. ಕೊನೆಗಾಲದಲ್ಲಿ ದೇಹವನ್ನು ದಣಿಸುವ ಚಿಕಿತ್ಸೆ ಪಡೆದವರೂ ಕಡಿಮೆ. ಆದರೂ ಅವರು ಬದುಕಿದ ಅವಧಿಯ ಮಧ್ಯಾಂಕ 11.6 ತಿಂಗಳು, ಮೊದಲ ಗುಂಪಿನದು 8.9.

ಒಂದು ಅಧ್ಯಯನವನ್ನು ನಂಬಿ ಆಯುಷ್ಯ ಹೆಚ್ಚುತ್ತದೆಂದು ಯಾರಿಗೂ ಮಾತು ಕೊಡಲಾಗದು. ಆದರೆ ನೋವು ತಗ್ಗಿಸಿಕೊಂಡವರು ಬದುಕನ್ನು ಬಿಟ್ಟುಕೊಟ್ಟವರಲ್ಲ ಎಂಬುದಂತೂ ಇದರಿಂದ ತಿಳಿಯುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳೋಣ. ಒಂದು ದಿನವೂ ಹೆಚ್ಚು ಸಿಗದಿದ್ದರೆ? ಆಗಲೂ, ನರಳುತ್ತಿರುವವರ ಪಕ್ಕ ಕೂತು "ಎಲ್ಲಿ ನೋವು?" ಎಂದು ಕೇಳುವುದಕ್ಕೆ ಲಾಭದ ಲೆಕ್ಕ ಬೇಕೇ?

ಆಸೆ ಉಳಿಯಲಿ ಎಂದು ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಅದು ಯಾರ ಆಸೆ? ಎಷ್ಟೋ ಸಲ ನಮ್ಮದೇ. ಗುಣವಾಗುವುದೊಂದೇ ರೋಗಿಯ ಆಸೆಯಲ್ಲ. ಇವತ್ತು ರಾತ್ರಿ ನಿದ್ದೆ ಬರಲಿ, ಮಗಳ ಜೊತೆ ಕೂತು ಎರಡು ತುತ್ತು ಸೇರಲಿ ಎಂಬುದೂ ಆಸೆಯೇ. ಅದನ್ನು ಕೇಳಿಸಿಕೊಳ್ಳಲು ಕೊನೆಯ ವಾರದವರೆಗೆ ಯಾಕೆ ಕಾಯಬೇಕು?