ಪಹಣಿಯಲ್ಲಿ ಹೆಸರಿಲ್ಲದವರು

ರಾತ್ರಿ ಊಟ ಮುಗಿಸಿ ಸ್ಕೂಟರಿಗೆ ಚಾರ್ಜರ್ ಸಿಕ್ಕಿಸುವ ಹೊತ್ತಿಗೆ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಸೂರ್ಯ ಮುಳುಗಿ ಎಷ್ಟೋ ಹೊತ್ತಾಗಿರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೆಳಗೆ ಸಾಲಾಗಿ ನಿಂತ ಎಲೆಕ್ಟ್ರಿಕ್ ಗಾಡಿಗಳಿಗೆ ರಾತ್ರಿ ಹರಿಯುವ ಕರೆಂಟಿನಲ್ಲಿ ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡಿತಿನಿಯಲ್ಲಿ ಉರಿದ ಕಲ್ಲಿದ್ದಲಿನ ಪಾಲೂ ಇದೆ. ಇದನ್ನೇ ಮುಂದೆ ಮಾಡಿ, ಎಲೆಕ್ಟ್ರಿಕ್ ಗಾಡಿ ಬರೀ ತೋರಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೆಟ್ರೋಲ್ ಗಾಡಿ ಗುಜರಿಗೆ ಹೋಗುವವರೆಗೂ ಪೆಟ್ರೋಲನ್ನೇ ಸುಡಬೇಕು. ಕರೆಂಟಿನ ಮೂಲ ಹಾಗಲ್ಲ, ಅದು ಬದಲಾಗುತ್ತಿದೆ. ಇವತ್ತು ಕೊಂಡ ಗಾಡಿಯೇ ನಾಳೆ ಪೂರ್ತಿ ಬಿಸಿಲಿನಲ್ಲೋ ಗಾಳಿಯಲ್ಲೋ ಓಡಬಹುದು.

ನನ್ನ ಚಿಂತೆ ಹೊಗೆಯದ್ದಲ್ಲ, ಋಣದ್ದು. ಅನ್ನದ ಋಣ ನಮಗೆ ಗೊತ್ತು. ಎಲೆಯ ಮುಂದೆ ಕೂತಾಗ ಬೆಳೆದವರನ್ನು, ಬಡಿಸಿದವರನ್ನು ನೆನೆಯುವ ಮನೆಗಳು ಇನ್ನೂ ಇವೆ. ಸ್ವಿಚ್ ಒತ್ತುವಾಗ ಮಾತ್ರ ಯಾರೂ ನೆನಪಾಗುವುದಿಲ್ಲ. ಬಿಲ್ಲು ಕಟ್ಟಿದರೆ ಲೆಕ್ಕ ಚುಕ್ತಾ ಎಂದುಕೊಂಡಿದ್ದೇವೆ. ಆದರೆ ನಾಡಿನ ಬೆಳಕಿಗೆ ಜಮೀನು ಕೊಟ್ಟವರು ಯಾರು, ಅವರಿಗೆ ಏನು ಸಿಕ್ಕಿತು ಎಂದು ಹುಡುಕುತ್ತ ಹೋದರೆ ಬಿಲ್ಲಿನಲ್ಲಿ ಸೇರದ ಬಾಕಿ ಬಹಳ ಕಾಣುತ್ತದೆ.

ಹಳೆಯ ಬಾಕಿ ಶರಾವತಿಯದು. ಅಲ್ಲಿನ ಕರೆಂಟಿನಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಈಗ ನಾವು ಹಾಡಿ ಹೊಗಳುವ ಶುದ್ಧ ವಿದ್ಯುತ್ತೇ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನ ಎಲ್ಲ ನೀರಿನಡಿ ಹೋದವು. ಎಬ್ಬಿಸಿದ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಇಳಿಸಿದರು. ಅವರ ಮೊಮ್ಮಕ್ಕಳು ಇವತ್ತಿಗೂ 'ಮುಳುಗಡೆ ಸಂತ್ರಸ್ತರು' ಎಂಬ ಹೆಸರಿನಲ್ಲೇ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ತುಮರಿ ಕಡೆಯ ಜನ ಹಿನ್ನೀರಿನಾಚೆ ದ್ವೀಪದಂತಾದ ಊರುಗಳಲ್ಲಿ ಉಳಿದರು. ಹೆರಿಗೆ ನೋವು ಕಾಣಿಸಿಕೊಂಡ ಹೆಂಗಸಿಗೂ ಪರೀಕ್ಷೆಗೆ ಹೊರಟ ಹುಡುಗನಿಗೂ ಸಾಗರಕ್ಕೆ ನೇರ ದಾರಿ ಎಂದರೆ ಲಾಂಚ್ ಒಂದೇ ಇತ್ತು, ಅದೂ ಹಗಲು ಹೊತ್ತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ! ಊರೂರಿಗೆ ದೀಪ ಕೊಟ್ಟವರಿಗೆ ಒಂದು ಸೇತುವೆ ಕಟ್ಟಿಕೊಡಲು ನಾಡಿಗೆ ಅಷ್ಟು ಕಾಲ ಬೇಕಾಯಿತು. ಒಂದು ಸಲ ಪರಿಹಾರ ಕೊಟ್ಟು ರಸೀದಿಗೆ ಸಹಿ ಹಾಕಿಸಿಕೊಂಡ ಮೇಲೆ ಕೊಟ್ಟವರನ್ನು ಮರೆಯುವುದು ಸುಲಭ.

ಪಾವಗಡದಲ್ಲಿ ಹಾಗೆ ಮಾಡಲಿಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಇಲ್ಲಿ ಸರ್ಕಾರ ರೈತರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಹಾಕಿ, ಹಾಕಿದ ಬೀಜವೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ಇದು ನೆಚ್ಚಬಹುದಾದ ಆದಾಯ. ದುಡ್ಡಿಗಿಂತ ಹೆಚ್ಚಿನದು ಇನ್ನೊಂದಿದೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿದಿದೆ. ಪ್ರತಿ ವರ್ಷ ಬಾಡಿಗೆ ಬರುವಾಗ, ಈ ಬೆಳಕು ನಿನ್ನ ಹೊಲದಿಂದ ಬರುತ್ತಿದೆ ಎಂದು ನಾಡು ಮತ್ತೆ ಒಪ್ಪಿಕೊಂಡಂತೆ. ಶರಾವತಿಯವರಿಗೆ ಇಂಥ ಒಂದು ವರ್ಷಾಶನ ಇದ್ದಿದ್ದರೆ ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಆದರೆ ಪಹಣಿ ಇದ್ದವರಿಗೆ ಮಾತ್ರ ಬಾಡಿಗೆ.

ತಿರುಮಣಿ ಕಡೆಯ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡ್ಲೆಕಾಯಿ ಗಿಡ ಕಿತ್ತು ಗುಡ್ಡೆ ಹಾಕಿ, ಅದರ ಸುತ್ತ ಕೂತು ಕಾಯಿ ಬಿಡಿಸುತ್ತಿದ್ದ ಹೆಂಗಸರಿಗೆ ಆ ಹೊಲದೊಂದಿಗೆ ಇದ್ದ ಸಂಬಂಧ ಯಾವ ಕಾಗದದಲ್ಲೂ ಇರಲಿಲ್ಲ. ಹೊಲ ಬೇಲಿಯೊಳಗೆ ಹೋದಾಗ ಅವರ ಕೂಲಿಯೂ ಹೋಯಿತು. ಕೆಲವರಿಗೆ ಪ್ಯಾನೆಲ್ಲುಗಳ ಕೆಳಗೆ ಬೆಳೆದ ಹುಲ್ಲು ಕತ್ತರಿಸುವ, ಗಾಜಿನ ಮೇಲಿನ ದೂಳು ತೊಳೆಯುವ ಕೆಲಸ ಸಿಕ್ಕಿದೆ, ಎಲ್ಲರಿಗೂ ಸಿಕ್ಕಿಲ್ಲ. ಹುಲ್ಲು ಬೆಳೆದರೆ ಪ್ಯಾನೆಲ್ಲಿನ ಮೇಲೆ ನೆರಳು ಬೀಳುತ್ತದೆ, ಕರೆಂಟು ಕಡಿಮೆಯಾಗುತ್ತದೆ. ಹಾಗಾಗಿ ಒಳಗೆ ಕೂಲಿ ಕೊಟ್ಟು ಹುಲ್ಲು ಕತ್ತರಿಸುತ್ತಾರೆ. ಬೇಲಿಯ ಹೊರಗೆ ಮೇವಿಲ್ಲದೆ ಕುರಿ ಮಾರಿದವರಿದ್ದಾರೆ. ಇಷ್ಟು ಹತ್ತಿರದ ಎರಡು ಸಂಗತಿಗಳನ್ನು ಸೇರಿಸಿ ನೋಡಲು ಯೋಜನೆ ಮಾಡಿದವರಿಗೆ ಯಾಕೆ ಆಗಲಿಲ್ಲ? ಕುರಿ ಮೇಯಿಸುವವನ ಹೆಸರು ಅವರ ಕಡತದಲ್ಲಿ ಇರಲಿಲ್ಲ, ಅಷ್ಟೇ.

ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸಿಕೊಳ್ಳುವ ಪ್ರಶ್ನೆ ಈಗ ಮತ್ತೆ ಶರಾವತಿಗೇ ಬಂದು ನಿಂತಿದೆ. ಹಗಲು ಮಿಕ್ಕ ಕರೆಂಟಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು 2,000 ಮೆಗಾವಾಟ್ ಪಡೆಯುವ ಯೋಜನೆ ಅದು. ನೀರು ಮೇಲೇರಿಸಲು ಸುರಿದಷ್ಟು ಕರೆಂಟು ಹಿಂದಕ್ಕೆ ಬರುವುದಿಲ್ಲ, ಆದರೂ ಸಂಜೆಯ ಕೊರತೆ ತುಂಬುತ್ತದೆ ಎಂಬುದು ಲೆಕ್ಕ. ಆ ನೆಲ ಸಿಂಗಳೀಕ ಅಭಯಾರಣ್ಯದ್ದು. ಮರದಿಂದ ಮರಕ್ಕೆ ಹಾರಿ ಬದುಕುವ ಸಿಂಗಳೀಕಕ್ಕೆ ಕಾಡಿನ ಮೇಲ್ಛಾವಣಿ ಕಡಿಯದೆ ಉಳಿಯಬೇಕು. ಸಿಂಗಳೀಕಕ್ಕಂತೂ ಪಹಣಿಯೂ ಇಲ್ಲ, ಮತವೂ ಇಲ್ಲ. ಒಮ್ಮೆ ಕೊಟ್ಟ ಕಣಿವೆಯನ್ನೇ ಎರಡನೆಯ ಸಲ ಕೇಳುತ್ತಿದ್ದೇವೆ. ಬ್ಯಾಟರಿ, ಮಧ್ಯಾಹ್ನ ಆಫೀಸಿನಲ್ಲೇ ಗಾಡಿ ಚಾರ್ಜ್ ಮಾಡುವ ವ್ಯವಸ್ಥೆ, ರಾತ್ರಿಯ ಬಳಕೆಯಲ್ಲಿ ಹಿಡಿತ, ಇವನ್ನೆಲ್ಲ ಮನಸ್ಸಿಟ್ಟು ಮಾಡಿ ನೋಡುವ ಮೊದಲೇ ಕೇಳುತ್ತಿದ್ದೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಹಾಗೆಂದು ಈ ಬದಲಾವಣೆ ನಿಲ್ಲಲಿ ಎನ್ನಲಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಮಳೆ ಕೈಕೊಟ್ಟು ಜಲವಿದ್ಯುತ್ ಇಳಿಯಿತು, ಪಂಪ್‌ಸೆಟ್ಟಿಗೆ ಕರೆಂಟಿಲ್ಲ ಎಂದು ರೈತರು ಬೀದಿಗೆ ಬಂದರು. ಭೂಮಿ ಕಾದಷ್ಟೂ ಇಂಥ ವರ್ಷಗಳು ಹೆಚ್ಚಾಗುತ್ತವೆ. ಅವು ಮೊದಲು ಹೊಡೆಯುವುದು ಇದೇ ಕೂಲಿಯವರನ್ನು, ಕುರಿಗಾಹಿಗಳನ್ನು. ಕಲ್ಲಿದ್ದಲು ಬಿಡಲೇಬೇಕು, ಬೇಗ ಬಿಡಬೇಕು. ಅವಸರ ಇರುವುದರಿಂದಲೇ ಯಾರನ್ನು ದಾಟಿ ಹೋಗುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು.

ಪಾವಗಡದ ಪಾರ್ಕನ್ನು ಇನ್ನೂ ಹಿಗ್ಗಿಸುವ ಮಾತು ನಡೆದಿದೆ. ಹೊಸ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಗ್ರಾಮಸಭೆಯಲ್ಲಿ ಇನ್ನೊಂದು ಪಟ್ಟಿ ಆಗಬೇಕು: ಆ ಹೊಲಗಳಲ್ಲಿ ಕೂಲಿ ಮಾಡಿದವರು ಯಾರು, ಆ ಬೀಳಿನಲ್ಲಿ ಕುರಿ ಮೇಯಿಸಿದವರು ಯಾರು, ಯಾವ ತಿಂಗಳಲ್ಲಿ, ಎಷ್ಟು ಜನ. ಮಾರಿದ ಪ್ರತಿ ಯೂನಿಟ್ಟಿನಿಂದ ಇಂತಿಷ್ಟು ಪೈಸೆ ಆ ಪಟ್ಟಿಯವರಿಗೆ, ಗುತ್ತಿಗೆ ಇರುವಷ್ಟು ವರ್ಷವೂ, ಹೊಲದ ಒಡೆಯರಿಗೆ ಬಾಡಿಗೆ ಬರುವ ದಿನವೇ ಸಲ್ಲಬೇಕು. ಅದಕ್ಕಾಗಿ ನನ್ನ ಬಿಲ್ಲು ಏರುವುದಾದರೆ ಏರಲಿ.